ಹರಣವಿಚಾರ: ರಾಜಶೇಖರನ ಲಕ್ಷಣವೂ ಇಂದಿನ ಸಂಶೋಧನ ಪತ್ರಿಕೆಗಳ ನಿಯಮವೂ

೧

ಪರರ ಮಾತನ್ನಾಗಲಿ ಪರರು ಕಂಡ ಅರ್ಥವನ್ನಾಗಲಿ ತನ್ನದೆಂದು ಪ್ರಕಟಿಸುವುದು ದೋಷವೆಂಬ ವಿಷಯದಲ್ಲಿ ಪ್ರಾಚೀನರಿಗೂ ಆಧುನಿಕರಿಗೂ ಭಿನ್ನಾಭಿಪ್ರಾಯವಿಲ್ಲ. ಯಾವುದು ಹರಣ, ಯಾವುದು ಅನುಸರಣ, ಯಾವುದು ತಾನಾಗಿ ಒದಗಿದ ಸಾಮ್ಯ ಎಂಬುದನ್ನು ನಿರ್ಣಯಿಸುವ ಬಗೆಯಲ್ಲಿ ಮಾತ್ರ ಇವರಿಬ್ಬರಿಗೂ ಬಹು ದೂರವುಂಟು. ನಮ್ಮ ಆಲಂಕಾರಿಕರು ಈ ನಿರ್ಣಯವನ್ನು ಬಹುಶ್ರುತನಾದ ವಿದ್ವಾಂಸನ ವಿವೇಕಕ್ಕೆ ಬಿಟ್ಟರು. ಈಗಿನವರು ಬಹುಮಟ್ಟಿಗೆ ಅದನ್ನು ಯಂತ್ರಕ್ಕೂ ಶೇಕಡಾ ಲೆಕ್ಕಕ್ಕೂ ಒಪ್ಪಿಸಿರುವರು. ಒಂದು ಕಡೆ ರಾಜಶೇಖರನ ಕಾವ್ಯಮೀಮಾಂಸೆಯ ಹರಣಪ್ರಕರಣವನ್ನೂ, ಇನ್ನೊಂದು ಕಡೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರ ಜುಲೈಯಲ್ಲಿ ಹೊರಡಿಸಿದ ಕೃತಿಚೌರ್ಯ ನಿವಾರಣೆಯ ನಿಯಮಾವಳಿಯನ್ನೂ ಇಟ್ಟುಕೊಂಡು, ಇವೆರಡರ ಗುಣದೋಷಗಳನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಸಾವಿರ ವರ್ಷಗಳಿಗೂ ಹಳೆಯದಾದ ಅಲಂಕಾರಗ್ರಂಥಕ್ಕೂ ಸರ್ಕಾರದ ಗೆಜೆಟ್ಟಿನ ಪ್ರಕಟಣೆಗೂ ಏನು ಸಂಬಂಧವೆಂದು ವಾಚಕ ಮಹಾಶಯರು ಶಂಕಿಸಬಹುದು. ವಿಷಯವು ಎರಡಕ್ಕೂ ಒಂದೇ ಆಗಿರುವುದೇ ಸಂಬಂಧ. ಅಲ್ಲದೆ ಈ ವಿಚಾರಕ್ಕೆ ಕಾಲವೂ ಕೂಡಿಬಂದಿದೆ. ಆಯೋಗವು ತಾನು ಅಂಗೀಕರಿಸಿದ ಪತ್ರಿಕೆಗಳ ಪಟ್ಟಿಯಿಂದ ೨೦೧೮ರ ಮೇ ತಿಂಗಳಲ್ಲಿ ೪,೩೦೫ ಪತ್ರಿಕೆಗಳನ್ನು ಒಮ್ಮೆಗೇ ತೆಗೆದುಹಾಕಿತು. ಅದೇ ವರ್ಷದ ನವೆಂಬರಿನಲ್ಲಿ ‘ಕೇರ್’ ಎಂಬ ವ್ಯವಸ್ಥೆಯನ್ನು ಏರ್ಪಡಿಸಿ ೨೦೧೯ರ ಜೂನಿನಲ್ಲಿ ಹೊಸ ಪಟ್ಟಿಯನ್ನು ಹೊರತಂದಿತು. ೨೦೨೫ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಯಾವ ಪತ್ರಿಕೆಯು ಯೋಗ್ಯ, ಯಾವುದು ಅಯೋಗ್ಯ ಎಂಬುದನ್ನು ಆಯಾ ವಿದ್ಯಾಸಂಸ್ಥೆಗಳೇ ನಿಶ್ಚಯಿಸಬೇಕೆಂದು ತಿಳಿಸಿತು. ಅಂದಮೇಲೆ, ರಾಜಮುದ್ರೆಯನ್ನು ತೋರಿಸಿ ನುಣುಚಿಕೊಳ್ಳುವ ಅನುಕೂಲವು ಇನ್ನು ಮೇಲೆ ಸಂಪಾದಕರಿಗಿಲ್ಲ, ಪರಿಶೀಲಕರಿಗಿಲ್ಲ, ಲೇಖಕರಿಗೂ ಇಲ್ಲ. ಹೊಣೆಯು ವಿದ್ವಾಂಸರ ಮೇಲೆಯೇ ಬಂದು ನಿಂತಿದೆ.

ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ಬಗೆಯಾದುದೆಂಬುದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ವಸ್ತುವನ್ನು ಹೆಸರಿಸುವುದು ಉದ್ದೇಶ; ಅದರ ಅಸಾಧಾರಣ ಧರ್ಮವನ್ನು ಹೇಳುವುದು ಲಕ್ಷಣ; ಆ ಲಕ್ಷಣವು ವಸ್ತುವಿನಲ್ಲಿ ಸರಿಯಾಗಿ ಕೂಡುವುದೋ ಇಲ್ಲವೋ ಎಂದು ನೋಡುವುದು ಪರೀಕ್ಷೆ. ಇಲ್ಲಿಯೂ ಆ ಕ್ರಮವನ್ನೇ ಅನುಸರಿಸಿದೆ.

೨

ಮೊದಲು ಆಯೋಗದ ನಿಯಮವನ್ನು ನೋಡೋಣ. ಪರರ ಕೃತಿಯನ್ನಾಗಲಿ ಭಾವನೆಯನ್ನಾಗಲಿ ತೆಗೆದುಕೊಂಡು ತನ್ನದೆಂದು ತೋರಿಸುವುದು ಕೃತಿಚೌರ್ಯವೆಂಬುದು ಅದರಲ್ಲಿ ಹೇಳಿರುವ ಲಕ್ಷಣದ ತಾತ್ಪರ್ಯ. ಕೃತಿ ಮಾತ್ರವಲ್ಲ, ಭಾವನೆ, ಎಂದರೆ ಅರ್ಥವೂ ಸೇರಿದೆಯೆಂಬುದನ್ನು ಗಮನಿಸಬೇಕು. ಈ ಲಕ್ಷಣದಲ್ಲಿ ದೋಷವೇನೂ ಕಾಣುವುದಿಲ್ಲ. ಸಂಶೋಧನೆಯ ಸಾರಭಾಗವು, ಅಂದರೆ ಊಹೆ, ಅವಲೋಕನ, ಫಲಿತಾಂಶ, ಸಿದ್ಧಾಂತ ಮೊದಲಾದುವು, ಸ್ವಂತ ಭಾವನೆಗಳನ್ನೇ ಆಧರಿಸಿರಬೇಕೆಂದೂ ನಿಯಮವು ವಿಧಿಸುತ್ತದೆ. ಇದೂ ಶ್ಲಾಘ್ಯವೇ.

ಅನಂತರ ದಂಡವಿಧಾನ. ಸಾಮ್ಯವು ಶೇಕಡಾ ೧೦ರವರೆಗಿದ್ದರೆ ಅದು ಸೊನ್ನೆಯ ಮಟ್ಟ, ಅದಕ್ಕೆ ದಂಡವಿಲ್ಲ. ೧೦ನ್ನು ಮೀರಿ ೪೦ರವರೆಗೆ ಒಂದನೆಯ ಮಟ್ಟ, ೪೦ನ್ನು ಮೀರಿ ೬೦ರವರೆಗೆ ಎರಡನೆಯ ಮಟ್ಟ, ೬೦ನ್ನು ಮೀರಿದರೆ ಮೂರನೆಯ ಮಟ್ಟ. ಪ್ರಬಂಧವನ್ನು ಒಪ್ಪಿಸಿದ ವಿದ್ಯಾರ್ಥಿಯು ಮೊದಲನೆಯದರಲ್ಲಿ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಎರಡನೆಯದರಲ್ಲಿ ಒಂದು ವರ್ಷ ಕಾಯಬೇಕು. ಮೂರನೆಯದರಲ್ಲಿ ಅವನ ನೋಂದಣಿಯೇ ರದ್ದಾಗುವುದು. ಲೇಖನವನ್ನು ಪ್ರಕಟಿಸಿದ ಅಧ್ಯಾಪಕನು ಲೇಖನವನ್ನು ಹಿಂತೆಗೆದುಕೊಳ್ಳುವುದಲ್ಲದೆ, ಎರಡನೆಯ ಮಟ್ಟದಲ್ಲಿ ಒಂದು ವಾರ್ಷಿಕ ವೇತನಬಡ್ತಿಯನ್ನೂ ಮೂರನೆಯದರಲ್ಲಿ ಎರಡನ್ನೂ ಕಳೆದುಕೊಳ್ಳುವನು; ಕ್ರಮವಾಗಿ ಎರಡು, ಮೂರು ವರ್ಷಗಳ ಕಾಲ ಹೊಸ ಶಿಷ್ಯರಿಗೆ ಮಾರ್ಗದರ್ಶಕನಾಗಲಾರನು. ಉಲ್ಲೇಖಪೂರ್ವಕವಾಗಿ ಉದ್ಧರಿಸಿದ ಭಾಗಗಳು, ಗ್ರಂಥಸೂಚಿ, ಮುನ್ನುಡಿ ಮೊದಲಾದುವು ಲೆಕ್ಕಕ್ಕೆ ಬರುವುದಿಲ್ಲ. ಸರ್ವವಿದಿತವಾದ ಅಥವಾ ಆಕಸ್ಮಿಕವಾಗಿ ಹೊಂದಿಬಂದ ಪದಗಳು ಒಂದರ ಮೇಲೊಂದರಂತೆ ಹದಿನಾಲ್ಕರವರೆಗೆ ಇದ್ದರೂ ಲೆಕ್ಕಕ್ಕಿಲ್ಲ.

ಹೀಗೆ ಲಕ್ಷಣದಲ್ಲಿ ಶಬ್ದ ಅರ್ಥಗಳೆರಡೂ ಇದ್ದು, ದಂಡದಲ್ಲಿ ಸಾಮ್ಯದ ಪ್ರಮಾಣವೊಂದೇ ಉಳಿದಿದೆ. ಆ ಸಾಮ್ಯವನ್ನು ಅಳೆಯುವುದು ಸಾಫ್ಟ್‌ವೇರ್. ಅದು ಅಳೆಯುವುದು ಮುಖ್ಯವಾಗಿ ಶಬ್ದವನ್ನು. ಲಕ್ಷಣ ಒಂದು, ಪರೀಕ್ಷೆ ಇನ್ನೊಂದು ಆಗಿರುವುದೇ ಇಲ್ಲಿಯ ಮೂಲದೋಷವೆಂದು ನಮಗೆ ತೋರುತ್ತದೆ.

೩

ಇನ್ನು ರಾಜಶೇಖರನು. ಕನೌಜಿನ ಪ್ರತೀಹಾರ ಮಹೇಂದ್ರಪಾಲನಿಗೆ ಗುರುವಾಗಿದ್ದ ಈತನು ಒಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಹತ್ತನೆಯದರ ಮೊದಲಲ್ಲಿಯೂ ಇದ್ದವನು. ಇವನ ಕಾವ್ಯಮೀಮಾಂಸೆಯಲ್ಲಿ ನಮಗೆ ದೊರೆತಿರುವುದು ಕವಿರಹಸ್ಯವೆಂಬ ಮೊದಲನೆಯ ಅಧಿಕರಣ ಮಾತ್ರ. ಅದರಲ್ಲಿ ಹದಿನೆಂಟು ಅಧ್ಯಾಯಗಳಿವೆ. ಸಿ. ಡಿ. ದಲಾಲ್ ಮತ್ತು ಆರ್. ಅನಂತಕೃಷ್ಣಶಾಸ್ತ್ರಿ ಇವರು ಶೋಧಿಸಿದ ಈ ಗ್ರಂಥವು ೧೯೧೬ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಹೊರಬಂದಿತು. ಇದರ ಹನ್ನೊಂದನೆಯ ಅಧ್ಯಾಯವು ಶಬ್ದಹರಣವನ್ನೂ ಹನ್ನೆರಡು ಹದಿಮೂರನೆಯವು ಅರ್ಥಹರಣವನ್ನೂ ವಿವರಿಸುತ್ತವೆ.

ಪರರು ಪ್ರಯೋಗಿಸಿದ ಶಬ್ದಾರ್ಥಗಳನ್ನು ತನ್ನ ರಚನೆಯಲ್ಲಿ ಸೇರಿಸುವುದೇ ಹರಣವೆಂದು ಹೇಳಿ, ಅದನ್ನು ಬಿಡತಕ್ಕದ್ದು, ಸ್ವೀಕರಿಸತಕ್ಕದ್ದು ಎಂದು ಇಬ್ಬಗೆಯಾಗಿ ಅವನು ವಿಂಗಡಿಸುತ್ತಾನೆ. ಎಲ್ಲ ಹರಣವೂ ಪಾಪವೆಂಬ ಭಾವನೆಯು ಅವನಿಗಿಲ್ಲ. ಶಬ್ದಹರಣವು ಪದ, ಪಾದ, ಅರ್ಧಶ್ಲೋಕ, ಪೂರ್ಣವೃತ್ತ, ಪ್ರಬಂಧ ಎಂದು ಐದು ಬಗೆ. ಆಯೋಗದ ಮಟ್ಟಗಳಂತೆ ಇದೂ ಪರಿಮಾಣವನ್ನು ಅನುಸರಿಸಿದ ವಿಭಾಗವೇ. ಆದರೆ ಪರಿಮಾಣದೊಂದಿಗೆ ರಾಜಶೇಖರನು ನಿಲ್ಲುವುದಿಲ್ಲ. ಒಂದು ಪದವನ್ನು ತೆಗೆದುಕೊಂಡರೆ ದೋಷವಿಲ್ಲವೆಂದು ಹಿಂದಿನ ಆಚಾರ್ಯರು ಹೇಳಿರಲು, ಆ ಪದವು ಎರಡರ್ಥದ ಶ್ಲಿಷ್ಟಪದವಾಗಿದ್ದರೆ ದೋಷವುಂಟೆಂದು ಇವನು ತಿದ್ದುತ್ತಾನೆ. ಶ್ಲೇಷೆಯಲ್ಲಿ ಕವಿಯ ಶ್ರಮವೆಲ್ಲವೂ ಆ ಒಂದು ಪದದಲ್ಲಿಯೇ ಅಡಗಿರುವುದರಿಂದ, ಪದವು ಒಂದೇ ಆದರೂ ಕಳವು ಪೂರ್ಣವಾದುದೆಂಬುದು ಅಭಿಪ್ರಾಯ.

ಅರ್ಥಹರಣದಲ್ಲಿ ಈ ಸೂಕ್ಷ್ಮತೆಯು ಇನ್ನೂ ಹೆಚ್ಚು. ಅರ್ಥವೆಲ್ಲವೂ ಹಿಂದಿನವನದೇ ಆಗಿದ್ದು ವಾಕ್ಯರಚನೆ ಮಾತ್ರ ಬೇರೆಯಾಗಿದ್ದರೆ ಅದು ಪ್ರತಿಬಿಂಬಕಲ್ಪ. ಸ್ವಲ್ಪ ಸಂಸ್ಕಾರದಿಂದ ವಸ್ತುವು ಬೇರೆಯೆಂಬಂತೆ ತೋರಿದರೆ ಆಲೇಖ್ಯಪ್ರಖ್ಯ. ವಸ್ತುವು ಬೇರೆಯಾಗಿದ್ದೂ ಅತ್ಯಂತ ಸಾದೃಶ್ಯದಿಂದ ಒಂದೇ ಎಂಬ ಬುದ್ಧಿಯನ್ನು ಹುಟ್ಟಿಸಿದರೆ ತುಲ್ಯದೇಹಿತುಲ್ಯ. ಮೂಲವು ಒಂದಾಗಿದ್ದು ಪರಿಷ್ಕಾರವು ಬಹುದೂರ ಸಾಗಿದ್ದರೆ ಪರಪುರಪ್ರವೇಶಸದೃಶ. ಈ ನಾಲ್ಕಕ್ಕೂ ಎಂಟೆಂಟು ಪ್ರಭೇದಗಳನ್ನು ಹೇಳಿ ಮೂವತ್ತೆರಡನ್ನು ಎಣಿಸಿದ್ದಾನೆ. ಇವುಗಳಲ್ಲಿ ಪ್ರತಿಬಿಂಬಕಲ್ಪವು ಕವಿಗೆ ಅಕವಿಯೆಂಬ ಹೆಸರನ್ನು ತರುವುದರಿಂದ ಸರ್ವಥಾ ಪರಿಹರಿಸತಕ್ಕದ್ದೆಂದು ತೀರ್ಪನ್ನೂ ಕೊಟ್ಟಿರುವನು. ಇವನಿಗಿಂತ ಮೊದಲೇ, ಕಾಶ್ಮೀರದ ಅವಂತಿವರ್ಮನ ಕಾಲದಲ್ಲಿದ್ದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಪ್ರತಿಬಿಂಬ, ಚಿತ್ರ, ಸಮಾನದೇಹ ಎಂದು ಸಂವಾದವನ್ನು ಮೂರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಬಿಡಬೇಕೆಂದೂ ಮೂರನೆಯದು ಸ್ವೀಕಾರ್ಯವೆಂದೂ ಹೇಳಿದ್ದನು.

೪

ಈಗ ಪರೀಕ್ಷೆ. ಶೇಕಡಾ ಲೆಕ್ಕದ ಕ್ರಮದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ಎರಡು ದೋಷಗಳೂ ಉಂಟು.

ಅವ್ಯಾಪ್ತಿಯೆಂದರೆ ಲಕ್ಷ್ಯದಲ್ಲಿ ಲಕ್ಷಣವು ಕೂಡದಿರುವುದು. ಅರ್ಥವೆಲ್ಲವನ್ನೂ ಇಟ್ಟುಕೊಂಡು ಮಾತನ್ನು ಮಾತ್ರ ಬದಲಿಸುವುದೇ ಪ್ರತಿಬಿಂಬಕಲ್ಪವಷ್ಟೆ. ಈಚೆಗೆ ಈ ಕೆಲಸವನ್ನು ಮಾಡಿಕೊಡುವ ಗಣಕಸಾಧನಗಳೇ ಬಂದಿವೆ. ಒಂದು ಪುಟವನ್ನು ಅವುಗಳಿಗೆ ಒಪ್ಪಿಸಿದರೆ ಕ್ಷಣಮಾತ್ರದಲ್ಲಿ ಅದೇ ಅರ್ಥದ ಬೇರೆ ಪುಟವನ್ನು ಕೊಡುತ್ತವೆ. ಹೀಗೆ ಸಿದ್ಧವಾದ ಲೇಖನವು ಎಷ್ಟೋ ವೇಳೆ ಸೊನ್ನೆಯ ಮಟ್ಟದಲ್ಲಿಯೇ ಉಳಿಯುವುದು. ರಾಜಶೇಖರನು ಯಾವುದನ್ನು ಸರ್ವಥಾ ಬಿಡಬೇಕೆಂದನೋ ಅದು ನಮ್ಮ ಲೆಕ್ಕದಲ್ಲಿ ನಿರ್ದೋಷವೆಂದಾಯಿತು. ಅಕ್ಷರಗಳನ್ನು ಬದಲಿಸಿ ರಚನೆಯ ಗುರುತುಗಳನ್ನು ಮರೆಸಿದ ಕವಿಯು, ಯಾರೂ ಹೇಳದಿದ್ದರೂ, ಸಜ್ಜನರ ನಡುವೆ ಕಳ್ಳನೆಂದು ಗೊತ್ತಾಗಿಬಿಡುವನೆಂಬ ಅಭಿಪ್ರಾಯವನ್ನು ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದ ಪೀಠಿಕೆಯಲ್ಲಿಯೇ ಸೂಚಿಸಿರುವನು. ಬಾಣನು ನಂಬಿದ್ದು ಓದಿ ಬಲ್ಲವರ ಕಣ್ಣನ್ನು. ಆ ಕಣ್ಣಿನ ಸ್ಥಾನದಲ್ಲಿ ನಾವು ಅಂಕಿಯನ್ನು ಕೂರಿಸಿದ್ದೇವೆ.

ಹದಿನಾಲ್ಕು ಪದಗಳ ರಿಯಾಯಿತಿಯನ್ನೂ ಇಲ್ಲಿಯೇ ನೋಡಬೇಕು. ನಿಯಮವು ಅದನ್ನು ಸರ್ವವಿದಿತವಾದ ಪದಗಳಿಗೆಂದು ಕೊಟ್ಟಿತು; ಬಳಕೆಯಲ್ಲಿ ಅದು ಹದಿನಾಲ್ಕು ಪದಗಳ ಜಾಲರಿಯಾಯಿತು. ಬಿಡಿ ಬಿಡಿ ಪದಗಳ ಇಂಗ್ಲಿಷ್ ಭಾಷೆಯಲ್ಲಿ ಹದಿನಾಲ್ಕೆಂದರೆ ಒಂದು ಸಾಧಾರಣ ವಾಕ್ಯ. ಸಂಧಿಸಮಾಸಗಳಿಂದ ಕೂಡಿದ ಸಂಸ್ಕೃತಕ್ಕೂ, ಪ್ರತ್ಯಯಗಳನ್ನು ಮೈಗೂಡಿಸಿಕೊಳ್ಳುವ ಕನ್ನಡಕ್ಕೂ ಈ ಅಳತೆಯು ಹೊಂದುವುದಿಲ್ಲ. ಮೂವತ್ತೆರಡು ಅಕ್ಷರಗಳ ಅನುಷ್ಟುಪ್ ಶ್ಲೋಕದಲ್ಲಿ ಬಹುಮಟ್ಟಿಗೆ ಹದಿನಾಲ್ಕು ಪದಗಳಿರುವುದಿಲ್ಲ. ಹಲವು ಕಂದಪದ್ಯಗಳೂ ಈ ಸಂಖ್ಯೆಯನ್ನು ಮುಟ್ಟುವುದಿಲ್ಲ. ಅಂದರೆ ರಾಜಶೇಖರನ ಎಣಿಕೆಯಲ್ಲಿ ನಾಲ್ಕನೆಯ ಮೆಟ್ಟಿಲಾದ ಪೂರ್ಣವೃತ್ತದ ಹರಣವೂ ಈ ಜಾಲರಿಯ ಕಂಡಿಯಲ್ಲಿ ಸಲೀಸಾಗಿ ನುಸುಳುವುದು.

ಅತಿವ್ಯಾಪ್ತಿಯೆಂದರೆ ಅಲಕ್ಷ್ಯದಲ್ಲಿಯೂ ಲಕ್ಷಣವು ಕೂಡುವುದು. ಇದಕ್ಕೆ ಈ ಲೇಖಕನು ಕಣ್ಣಾರೆ ಕಂಡ ನಿದರ್ಶನವೊಂದುಂಟು. ಸಂಶೋಧಕಿಯೊಬ್ಬರು ಒಂದು ಪ್ರಾಚೀನ ಗ್ರಂಥದ ಪಾಠಾಂತರಗಳನ್ನು ಸಂಗ್ರಹಿಸಿ, ಮೂಲದೊಡನೆ ಸೇರಿಸಿ ಪ್ರಬಂಧವನ್ನು ಸಿದ್ಧಪಡಿಸಿದರು. ಯಂತ್ರವು ಶೇಕಡಾ ೫೨ ಸಾಮ್ಯವೆಂದಿತು. ಸಾಮ್ಯವಿದ್ದುದು ಮೂಲಶ್ಲೋಕಗಳಲ್ಲಿ! ಮೂಲವು ಮೂಲದಂತೆಯೇ ಇರಬೇಕೆಂಬುದಲ್ಲವೆ ಗ್ರಂಥಸಂಪಾದನೆಯ ಧರ್ಮ? ಉದ್ಧೃತ ಭಾಗಗಳು ಲೆಕ್ಕಕ್ಕಿಲ್ಲವೆಂದು ನಿಯಮದಲ್ಲಿಯೇ ಇದ್ದರೂ, ಅಂಕಿಯನ್ನು ಕಂಡವರು ನಿಯಮವನ್ನು ಓದಲಿಲ್ಲ. ಆಕೆಗೆ ಹಲವು ತಿಂಗಳು ವೃಥಾ ಕಳೆದವು. ಕೊನೆಗೆ ಮೂಲಶ್ಲೋಕಗಳನ್ನು ಅನುಬಂಧಕ್ಕೆ ತಳ್ಳಿ, ಶ್ಲೋಕ ಒಂದು ಕಡೆ, ಅದರ ಪಾಠವಿಚಾರ ಒಂದು ಕಡೆ ಎಂಬಂತೆ ಗ್ರಂಥವನ್ನು ಒಡೆಯಬೇಕಾಯಿತು. ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹಿಡಿದಂತೆ ಆಯಿತು.

೫

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ರಾಜಶೇಖರನನ್ನು ನೀತಿಗೆ ಪ್ರಮಾಣವೆಂದು ತರುವುದು ಹೇಗೆ? ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವರ್ತಕನೂ ಇಲ್ಲ, ಮರೆಮಾಚಲು ಬಲ್ಲವನೇ ನಿಂದೆಯಿಲ್ಲದೆ ಬಾಳುವನು ಎಂದು ಹೇಳಿದವನೂ ಅವನೇ ಅಲ್ಲವೆ? ಉಳಿದ ಕಳವುಗಳು ಕಾಲಕ್ರಮದಲ್ಲಿ ಮಾಸಿಹೋಗುತ್ತವೆ, ಮಾತಿನ ಕಳವು ಮಕ್ಕಳು ಮೊಮ್ಮಕ್ಕಳವರೆಗೂ ಮಾಸುವುದಿಲ್ಲ. ಆದುದರಿಂದ ಹರಣವನ್ನು ಉಪದೇಶಿಸುವುದೇ ತಪ್ಪು ಎಂಬ ಆಕ್ಷೇಪವನ್ನು ಎತ್ತಿ, ಅದಕ್ಕೆ ತನ್ನ ಪತ್ನಿಯಾದ ಅವಂತಿಸುಂದರಿಯ ಸಮಾಧಾನವನ್ನು ಅವನು ಕೊಡುತ್ತಾನೆ. ಆಕೆಯು ಹೇಳುವ ಕಾರಣಗಳನ್ನು ವಾಚಕರು ಅವಧರಿಸಬೇಕು. ಅವನು ಅಪ್ರಸಿದ್ಧ, ನಾನು ಪ್ರಸಿದ್ಧ; ಅವನಿಗೆ ಪ್ರತಿಷ್ಠೆಯಿಲ್ಲ, ನನಗುಂಟು; ಅವನ ಭಾಷೆಗೆ ಆದರವಿಲ್ಲ; ಇದನ್ನು ಬಲ್ಲವರು ತೀರಿಹೋದರು; ಇದರ ಕರ್ತೃ ದೇಶಾಂತರದಲ್ಲಿರುವನು; ಇದರ ಮೂಲಗ್ರಂಥವು ನಷ್ಟವಾಯಿತು. ಇಂತಹ ಕಾರಣಗಳಿದ್ದಲ್ಲಿ ಶಬ್ದವನ್ನೂ ಅರ್ಥವನ್ನೂ ತೆಗೆದುಕೊಳ್ಳಬಹುದೆಂದು ಆಕೆಯ ಮತ.

ಈ ಪೂರ್ವಪಕ್ಷಕ್ಕೆ ಸಮಾಧಾನವು ಕಾವ್ಯ ಶಾಸ್ತ್ರಗಳ ಭೇದದಲ್ಲಿದೆ. ಕಾವ್ಯದ ಫಲವು ರಸ. ಅದು ಓದುಗನಲ್ಲಿ ಸಿದ್ಧಿಸಿದರೆ, ಉಪಮಾನವು ಎಲ್ಲಿಂದ ಬಂದಿತೆಂಬುದು ರಸಕ್ಕೆ ಅಂಗವಲ್ಲ. ಶಾಸ್ತ್ರದ ಫಲವು ಪ್ರಮಿತಿ, ಎಂದರೆ ನಿಶ್ಚಿತವಾದ ತಿಳಿವಳಿಕೆ. ಶಾಸ್ತ್ರವಾಕ್ಯವನ್ನು ಓದಿದವನು ಒಡನೆಯೇ “ಏತರಿಂದ?” ಎಂದು ಕೇಳುವನು. ಈ ಪ್ರಶ್ನೆಗೆ ಉತ್ತರವು ಯುಕ್ತಿಯಾಗಿರಬಹುದು, ಶಾಸನವಾಗಿರಬಹುದು, ಓಲೆಯ ಪ್ರತಿಯಾಗಿರಬಹುದು, ಮತ್ತೊಬ್ಬ ವಿದ್ವಾಂಸನ ಶೋಧನೆಯಾಗಿರಬಹುದು. ಆ ಮೂಲವನ್ನು ಹೇಳದೆ ಬಿಟ್ಟರೆ ಪ್ರತಿಜ್ಞೆಯನ್ನು ಮಾಡಿ ಹೇತುವನ್ನು ನುಂಗಿದಂತಾಗುವುದು. ಆದುದರಿಂದ ಸಂಶೋಧನ ಲೇಖನದಲ್ಲಿ ಮೂಲವನ್ನು ಹೆಸರಿಸುವುದು ಸೌಜನ್ಯದ ಮಾತಲ್ಲ, ಪ್ರಮಾಣದ ಅಂಗ. ಅದನ್ನು ಮುಚ್ಚಿಟ್ಟವನು ಒಬ್ಬ ಲೇಖಕನ ಕೀರ್ತಿಯನ್ನು ಕದಿಯುವುದಲ್ಲದೆ, ಪರೀಕ್ಷಿಸಿ ನೋಡುವ ಅಧಿಕಾರವನ್ನು ಎಲ್ಲ ಓದುಗರಿಂದಲೂ ಕಸಿದುಕೊಳ್ಳುವನು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದು.

ಅವಂತಿಸುಂದರಿಯ ಕಾರಣಗಳು ಕವಿಗಳಿಗೆ ಎಷ್ಟು ಸಲ್ಲುವುವೋ ಕಾಣೆವು. ಇಂದಿನ ಸಂಶೋಧನ ಪ್ರಪಂಚದಲ್ಲಿ ಮಾತ್ರ ಅವು ಬೇರೊಂದು ರೀತಿಯಲ್ಲಿ ಸತ್ಯವಾಗಿವೆ. ಸಣ್ಣ ಊರಿನ ಕಾಲೇಜಿನ ಅಧ್ಯಾಪಕನು ಕನ್ನಡದಲ್ಲಿ ಬರೆದ ಶಾಸನವಿಚಾರವು ದೊಡ್ಡ ಸಂಸ್ಥೆಯವನ ಇಂಗ್ಲಿಷ್ ಲೇಖನದಲ್ಲಿ ಹೆಸರಿಲ್ಲದೆ ಸೇರಿದರೆ, ಅಲ್ಲಿ ಅಪ್ರಸಿದ್ಧಿ, ಅಪ್ರತಿಷ್ಠೆ, ಭಾಷೆಯ ಅನಾದರ ಮೂರೂ ಕೂಡಿಬಂದಂತಾಯಿತು. ಭಾಷೆ ಬದಲಾದ ಕಾರಣ ಶಬ್ದಸಾಮ್ಯವು ಯಂತ್ರಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಹಿಡಿಯಬಲ್ಲವನು ಎರಡು ಭಾಷೆಗಳನ್ನೂ ಓದಿದ ಪರಿಶೀಲಕನೊಬ್ಬನೇ. ಅವನು ಕನ್ನಡ ಪತ್ರಿಕೆಗಳನ್ನು ಓದದವನಾದರೆ ಕಳವು ದಕ್ಕಿತೆಂದೇ ಲೆಕ್ಕ. ಕನ್ನಡದ ವಿದ್ವತ್ತಿಗೆ ಇದರಿಂದ ಆಗುವ ಹಾನಿಯು ಶೇಕಡಾ ಲೆಕ್ಕದಲ್ಲಿ ಎಂದಿಗೂ ಕಾಣಿಸದು.

೬

ಮೂಲವನ್ನು ಹೆಸರಿಸುವ ಧರ್ಮವು ನಮಗೆ ಹೊಸದಲ್ಲ. ಮೂಲವಿಲ್ಲದುದನ್ನು ಬರೆಯುವುದಿಲ್ಲ, ಬೇಡದುದನ್ನು ಹೇಳುವುದಿಲ್ಲ ಎಂಬುದು ವ್ಯಾಖ್ಯಾತೃವಾದ ಮಲ್ಲಿನಾಥನು ತಾನೇ ಹಾಕಿಕೊಂಡ ಕಟ್ಟಳೆ. ಸುಮಾರು ೧೨೬೦ರ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಗಜಗ, ಗುಣನಂದಿ, ಅಸಗ, ಶ್ರೀವಿಜಯ ಮೊದಲಾದವರ ಪ್ರಯೋಗಗಳೇ ತನಗೆ ಲಕ್ಷ್ಯವೆಂದು ಹೆಸರು ಹಿಡಿದು ಹೇಳಿರುವನು. ಗಜಗನ ಕಾವ್ಯವಾಗಲಿ ಗುಣನಂದಿಯ ಗ್ರಂಥವಾಗಲಿ ನಮಗೆ ಉಳಿದಿಲ್ಲ. ಅಸಗನ ಕನ್ನಡ ಕಾವ್ಯವೂ ದೊರೆತಿಲ್ಲ. ಕೇಶಿರಾಜನಂಥವರು ತಮ್ಮ ಋಣವನ್ನು ಹೇಳಿಕೊಂಡುದರಿಂದ ಆ ಕವಿಗಳ ಹೆಸರುಗಳಾದರೂ ಉಳಿದವು. ಅವನು ಅವರ ಲಕ್ಷ್ಯವನ್ನು ಎತ್ತಿಕೊಂಡು ಹೆಸರನ್ನು ಬಿಟ್ಟಿದ್ದರೆ, ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಪುಟವೇ ಹರಿದುಹೋಗುತ್ತಿತ್ತು.

ಇನ್ನೊಂದು ನಿದರ್ಶನವು ಮೈಸೂರಿನದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಆ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ತಂದೊಪ್ಪಿಸಿದವರು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರೆಂಬ ಸಂಗತಿಯನ್ನು ಶಾಸ್ತ್ರಿಗಳು ಮರೆಮಾಚಲಿಲ್ಲ. ಆದರೆ ಆ ಪಂಡಿತರ ಹೆಸರು ಲೋಕಪ್ರಸಿದ್ಧಿಗೆ ಬರಲಿಲ್ಲ. ಶಾಸ್ತ್ರಿಗಳ ಪ್ರಾಮಾಣಿಕತೆಯು ಇದರಿಂದ ಕುಂದುವುದಿಲ್ಲ. ಅವರು ಹೇಳಿದುದರಿಂದಲೇ ನಮಗೆ ಅಷ್ಟಾದರೂ ಗೊತ್ತಾಯಿತು. ಆದರೂ ಅರ್ಥಶಾಸ್ತ್ರದ ಪುಸ್ತಕವನ್ನು ತೆರೆದಾಗಲೆಲ್ಲ ಆ ಹೆಸರು ಯಾವುದಿದ್ದೀತೆಂದು ಮನಸ್ಸು ಹುಡುಕುತ್ತದೆ.

ಪರರಿಗೆ ಉಪದೇಶಿಸುವ ಮೊದಲು ತನ್ನ ದೋಷವನ್ನು ಹೇಳಿಕೊಳ್ಳುವುದು ಯುಕ್ತ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಈ ಲೇಖಕನು ಒಂದು ಚಿಕ್ಕ ವ್ಯಾಖ್ಯಾನವನ್ನು ಎರಡು ಓಲೆಪ್ರತಿಗಳ ಸಹಾಯದಿಂದ ಶೋಧಿಸಿ, ಒಂದು ಪತ್ರಿಕೆಯಲ್ಲಿ ಅದರ ವಿಷಯವಾಗಿ ಲೇಖನವನ್ನು ಬರೆದನು. ಒಂದು ಕಡೆ ಎರಡು ಪ್ರತಿಗಳಲ್ಲಿಯೂ ಹುಳು ತಿಂದು ನಾಲ್ಕು ಅಕ್ಷರಗಳು ಹೋಗಿದ್ದವು. ಮುಂದಿನ ವಾಕ್ಯವೆಲ್ಲವೂ ಆ ನಾಲ್ಕು ಅಕ್ಷರಗಳ ಮೇಲೆ ನಿಂತಿತ್ತು. ಪಾಠಶಾಲೆಯ ಸಹಪಾಠಿಯೊಬ್ಬರು ಓಲೆಯನ್ನು ಬೆಳಕಿಗೆ ಹಿಡಿದು ನೋಡಿ, ಸ್ವಲ್ಪ ಹೊತ್ತು ಯೋಚಿಸಿ, ಆ ಅಕ್ಷರಗಳು ಇಂಥವೇ ಇರಬೇಕೆಂದರು. ಅರ್ಥವು ಒಡನೆಯೇ ತಿಳಿಯಾಯಿತು. ಮುಂದೆ ಅವರು ವ್ಯಾಸಂಗವನ್ನು ನಿಲ್ಲಿಸಿ ಮಲೆನಾಡಿನ ತಮ್ಮ ಊರಿಗೆ ಪೌರೋಹಿತ್ಯಕ್ಕೆ ಹೋದರು. ಲೇಖನವನ್ನು ಬರೆಯುವಾಗ ನಾನು “ಇಲ್ಲಿ ಹೀಗೆ ಓದುವುದು ಯುಕ್ತವೆಂದು ತೋರುತ್ತದೆ” ಎಂದಷ್ಟೇ ಬರೆದೆನು. ಯಾರಿಗೆ ತೋರಿತೆಂಬುದನ್ನು ಬರೆಯಲಿಲ್ಲ. ಆ ಪಾಠವನ್ನು ಅನಂತರದವರು ನನ್ನ ಹೆಸರಿನಲ್ಲಿಯೇ ಉದ್ಧರಿಸಿದರು.

ಹಲವು ವರ್ಷಗಳ ಮೇಲೆ ಬಂಧುಗಳ ಮನೆಯ ಮದುವೆಗೆ ಅವರೇ ಪುರೋಹಿತರಾಗಿ ಬಂದರು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, “ಆ ಪಾಠ ನಿಂತಿತಲ್ಲ ಶಾಸ್ತ್ರಿಗಳೇ, ನಿಮ್ಮ ಲೇಖನ ಓದಿದೆ, ಸಂತೋಷವಾಯಿತು” ಎಂದರು. ಮಾತಿನಲ್ಲಿ ನಿಷ್ಠುರವೇನೂ ಇರಲಿಲ್ಲ. ಆದರೆ ಪಾಠಶಾಲೆಯಲ್ಲಿ ನನ್ನನ್ನು ಏಕವಚನದಲ್ಲಿಯೇ ಕರೆಯುತ್ತಿದ್ದವರು ಆ ದಿನ ಬಹುವಚನದಿಂದ ಮಾತನಾಡಿದರು. ಊರಿಗೆ ಹಿಂದಿರುಗಿದೊಡನೆ ಪತ್ರಿಕೆಗೆ ತಿದ್ದುಪಡಿಯನ್ನು ಬರೆದು ಕಳುಹಿಸಿದೆನು. ಮುದ್ರಣದೋಷಗಳಿಗಲ್ಲದೆ ಇಂಥದಕ್ಕೆ ತಿದ್ದುಪಡಿಯನ್ನು ಹಾಕುವ ವಾಡಿಕೆಯಿಲ್ಲವೆಂದು ಉತ್ತರ ಬಂದಿತು. ಮತ್ತೆ ಮತ್ತೆ ಬರೆದ ಮೇಲೆ, ಎರಡು ವರ್ಷಗಳಿಗೆ, ಒಂದು ಸಂಚಿಕೆಯ ಕೊನೆಯ ಪುಟದಲ್ಲಿ ಎರಡು ಸಾಲು ಅಚ್ಚಾಯಿತು. ನಾಲ್ಕು ಅಕ್ಷರಗಳ ಈ ಹರಣವು ಯಾವ ಯಂತ್ರದ ಯಾವ ಮಟ್ಟಕ್ಕೆ ಸೇರುವುದು?

೭

ಹರಣದ ಇನ್ನೊಂದು ಬಗೆಯನ್ನು ಹೇಳಿ ಮುಗಿಸುತ್ತೇವೆ. ಬೆಲೆ ಕೊಟ್ಟು ಕೊಂಡುಕೊಳ್ಳುವುದೂ ಹರಣವೇ, ಅಪಕೀರ್ತಿಗಿಂತ ಕೀರ್ತಿಯಿಲ್ಲದಿರುವುದೇ ಲೇಸು ಎಂದು ರಾಜಶೇಖರನು ಹೇಳಿರುವನು. ಈ ಮಾತು ಇಂದಿನವರಿಗೆಂದೇ ಬರೆದಂತಿದೆ. ಲೇಖನಗಳನ್ನು ಸಿದ್ಧಪಡಿಸಿ, ಲೇಖಕನ ಸ್ಥಾನವನ್ನು ಹಣಕ್ಕೆ ಮಾರುವ ವ್ಯಾಪಾರವು ಹಲವು ದೇಶಗಳಲ್ಲಿ ನಡೆಯುತ್ತಿದೆ. ಕೊಂಡವನ ಲೇಖನದಲ್ಲಿ ಶಬ್ದಸಾಮ್ಯವಿರಬೇಕಾದ ಅಗತ್ಯವೇ ಇಲ್ಲ. ಅದು ಹೊಸದಾಗಿಯೇ ಇರಬಹುದು, ಆದರೆ ಅವನದಲ್ಲ. ಹಣವನ್ನು ತೆಗೆದುಕೊಂಡು, ಪರಿಶೀಲನೆಯಿಲ್ಲದೆ ಪ್ರಕಟಿಸುವ ಪತ್ರಿಕೆಗಳ ವಿಷಯವೂ ಹಾಗೆಯೇ. ೨೦೧೩ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತನು ಎದ್ದು ಕಾಣುವ ತಪ್ಪುಗಳುಳ್ಳ ಒಂದು ಕಟ್ಟುಲೇಖನವನ್ನು ಸ್ವಲ್ಪ ಸ್ವಲ್ಪ ಬದಲಿಸಿ ೩೦೪ ಪತ್ರಿಕೆಗಳಿಗೆ ಕಳುಹಿಸಲು, ೧೫೭ ಪತ್ರಿಕೆಗಳು ಅದನ್ನು ಸ್ವೀಕರಿಸಿದುವೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಓದದೆ ಸ್ವೀಕರಿಸುವ ಸಂಪಾದಕನೂ ಬರೆಯದೆ ಹೆಸರಿಡುವ ಲೇಖಕನೂ ಒಂದೇ ನಾಣ್ಯದ ವ್ಯಾಪಾರಿಗಳು.

ಹಾಗಾದರೆ ಯಂತ್ರವನ್ನೂ ನಿಯಮವನ್ನೂ ಬಿಟ್ಟುಬಿಡಬೇಕೆ? ಹಾಗೆಂದು ನಮ್ಮ ಅಭಿಪ್ರಾಯವಲ್ಲ. ಪುಟಗಟ್ಟಲೆ ನಕಲು ಮಾಡುವವರನ್ನು ಯಂತ್ರವು ಹಿಡಿಯುವಷ್ಟು ಬೇಗ ಯಾವ ಪಂಡಿತನೂ ಹಿಡಿಯಲಾರನು. ನಿಯಮವು ಬಂದ ಮೇಲೆ ಅಂಥ ನಕಲಿಗೆ ಅಂಜಿಕೆಯೂ ಹುಟ್ಟಿದೆ. ಹೊಗೆಯು ಬೆಂಕಿಯನ್ನು ಸೂಚಿಸುವಂತೆ ಯಂತ್ರದ ಅಂಕಿಯು ಸೂಚಕವಾಗಲಿ, ನಿರ್ಣಾಯಕವಾಗದಿರಲಿ ಎಂಬುದಿಷ್ಟೇ ನಮ್ಮ ಮತ. ವಿದ್ವತ್ಸಂಸ್ಥೆಗಳ ಪತ್ರಿಕೆಗಳು ನಾಲ್ಕು ಕಟ್ಟಳೆಗಳನ್ನು ತಾವಾಗಿಯೇ ಹಾಕಿಕೊಳ್ಳಬಹುದೆಂದು ಸೂಚಿಸುತ್ತೇವೆ.

ಮೊದಲನೆಯದು, ಪ್ರತಿಯೊಂದು ಲೇಖನದೊಡನೆಯೂ ಋಣನಿವೇದನವಿರಬೇಕು: ಪ್ರತಿಯನ್ನು ಯಾರು ಕೊಟ್ಟರು, ಯಾರು ಓದಿದರು, ಯಾವ ಪಾಠವನ್ನು ಯಾರು ಊಹಿಸಿದರು, ಬಾಯಿಮಾತಿನಲ್ಲಿ ಹೇಳಿದುದಾದರೂ ಹೆಸರಿರಬೇಕು. ಗಣಕದ ನೆರವನ್ನು ಪಡೆದಿದ್ದರೆ ಅದನ್ನೂ ಹೇಳಬೇಕು. ಪ್ರಕಾಶನನೀತಿಯ ಸಮಿತಿಯೆಂದು ೧೯೯೭ರಲ್ಲಿ ಬ್ರಿಟನ್ನಿನ ಸಂಪಾದಕರಿಂದ ಆರಂಭವಾದ ‘ಕೋಪ್’ ಸಂಸ್ಥೆಯು, ಅಂಥ ಸಾಧನವು ಹೊಣೆಯನ್ನು ಹೊರಲಾರದಾದುದರಿಂದ ಲೇಖಕನೆನಿಸಲಾರದೆಂದು ೨೦೨೩ರಲ್ಲಿ ಸ್ಪಷ್ಟಪಡಿಸಿರುವುದು ಯುಕ್ತವಾಗಿದೆ. ಎರಡನೆಯದು, ಪರಿಶೀಲಕನಿಗೆ ಲೇಖನವು ಚೆನ್ನಾಗಿದೆಯೇ ಎಂದು ಕೇಳುವುದರ ಜೊತೆಗೆ, ಇದರಲ್ಲಿ ಹೊಸದೆಂದು ಹೇಳಿರುವ ಪ್ರತಿಯೊಂದು ಮಾತೂ ನಿಜವಾಗಿ ಯಾರದು ಎಂದೂ ಕೇಳಬೇಕು. ಮೂರನೆಯದು, ಪರಿಶೀಲಕನು ತಾನು ಗುಟ್ಟಾಗಿ ಓದಿದ ಹಸ್ತಪ್ರತಿಯಿಂದ ಏನನ್ನೂ ಎತ್ತಿಕೊಳ್ಳಬಾರದು, ಅದನ್ನು ಹಿಡಿದಿಟ್ಟುಕೊಂಡು ತಡಮಾಡಲೂ ಬಾರದು. ಹಳಗನ್ನಡದಂಥ ಚಿಕ್ಕ ಕ್ಷೇತ್ರದಲ್ಲಿ ಹೆಸರನ್ನು ಮುಚ್ಚಿದರೂ ಬರೆದವರು ಯಾರೆಂಬುದು ಗೊತ್ತಾಗುವುದರಿಂದ, ಸ್ನೇಹವಾಗಲಿ ವೈರವಾಗಲಿ ಇದ್ದವನು ತಾನಾಗಿಯೇ ಹಿಂದೆಗೆಯಬೇಕು. ನಾಲ್ಕನೆಯದು, ತಿದ್ದುಪಡಿಗೆ ಪ್ರತಿ ಸಂಚಿಕೆಯಲ್ಲಿಯೂ ಒಂದು ನಿಯತವಾದ ಸ್ಥಳವಿರಬೇಕು. ಹಿಂತೆಗೆದುಕೊಂಡ ಲೇಖನಕ್ಕೆ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ, ಯಂತ್ರವೂ ಬೇಕಾಗಿಲ್ಲ. ಇವುಗಳಲ್ಲಿ ನ್ಯೂನಾತಿರೇಕಗಳಿದ್ದರೆ ವಿದ್ವಾಂಸರು ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ತೋರಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ರಾಜಶೇಖರನ ಮೂವತ್ತೆರಡು ಪ್ರಭೇದಗಳನ್ನು ಇಂದಿನ ಸಂಶೋಧನ ಲೇಖನಗಳಿಗೆ ಅಳವಡಿಸಿ ನೋಡಬಹುದೆಂಬ ಸೂಚನೆಯು ನನ್ನ ಶಿಷ್ಯೆಯೊಬ್ಬರದು. ತಮ್ಮ ಪ್ರಬಂಧವು ಮುಗಿಯುವವರೆಗೆ ಹೆಸರನ್ನು ಅಚ್ಚುಹಾಕಬಾರದೆಂದು ಆಕೆ ಕೇಳಿಕೊಂಡಿರುವುದರಿಂದ ಇಲ್ಲಿ ಬರೆದಿಲ್ಲ. ಮುಗಿದ ಸಂಚಿಕೆಯಲ್ಲಿಯೇ ಅದನ್ನು ತಿಳಿಸುತ್ತೇನೆ.